ಚಿತ್ರಾನ್ನಕ್ಕೆ ಜಾಗ ಬಿಟ್ಟುಕೊಟ್ಟ ಹಸಿರು ಫೈಲು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೈಯುವುದು ಬೇಡ. ಹೋದ ಭಾನುವಾರ ಬೆಳಿಗ್ಗೆ ಅಲ್ಮಾಜಳ ಬ್ಯಾಗಿನಿಂದ ಹಸಿರು ಪ್ಲಾಸ್ಟಿಕ್ ಫೈಲನ್ನು ಎತ್ತಿ ಹೊರಗಿಟ್ಟು, ಆ ಜಾಗಕ್ಕೆ ಚಿತ್ರಾನ್ನದ ಡಬ್ಬಿ ತುರುಕಿದವಳು ನಾನು.

ಅಲ್ಮಾಜ್ ಅಂದರೆ ತುಮಕೂರಿನ ಬಟವಾಡಿಯ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿರುವವಳು. ಊರು ಇಥಿಯೋಪಿಯಾ. ಗಂಡ ದಾವಿತ್ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಮಗಳು ಸಾರಾಗೆ ಒಂಬತ್ತು. ಬಂದಾಗ ಅಮ್ಮನ ಸೆರಗು ಬಿಡದಿದ್ದ ಹುಡುಗಿ (ಸೆರಗಲ್ಲ, ಶಾಲು) ಈಗ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಾ, "ಏನ್ಲೇ, ಗೆರೆ ತುಳಿದ್ಬುಟ್ಟು ಸುಳ್ ಹೇಳ್ತೀಯಾ?" ಅಂತ ಜಗಳಕ್ಕೇ ನಿಲ್ಲುತ್ತಾಳೆ.

ಇವರು ಬಂದ ವಾರವೇ ನಮ್ಮ ಯಜಮಾನರು ಮುದ್ದೆ ಊಟಕ್ಕೆ ಕರೆದಿದ್ದರು. ಅಮೃತೂರಿನವರು, ರಿಟೈರ್ಡ್ ಮೇಷ್ಟ್ರು. ಕಲಿಸದಿದ್ದರೆ ತಿಂದದ್ದು ಅರಗದು. "ಇದು ನಮ್ಮ ಕಡೆ ಐಟಮ್ಮು. ಅಗೀಬಾರದು, ನುಂಗ್ಬೇಕು" ಅಂತ ಪಾಠ ಶುರುಮಾಡಿದರು. ಅಲ್ಮಾಜ್ ವಾಸನೆ ನೋಡಿದಳು, ನಕ್ಕಳು, ಅವಳಮ್ಮನ ಹೊಲದ ಬಗ್ಗೆ ಏನೋ ಹೇಳಲು ಹೊರಟಳು. ನಾವು ಕೇಳಿಸಿಕೊಳ್ಳಬೇಕಲ್ಲ? ಎರಡನೇ ಮುದ್ದೆ ಬಡಿಸುವ ಗಡಿಬಿಡಿ. ಮೂವರೂ ಸಲೀಸಾಗಿ ಉಂಡೆದ್ದರು. "ಹೆಂಗ್ ಕಲಿಸ್ದೆ ನೋಡು" ಅಂತ ಇವರು ತಿಂಗಳುಗಟ್ಟಲೆ ಬೀಗಿದರು.

ಇರಲಿ, ಫೈಲಿನ ವಿಷಯಕ್ಕೆ ಬರುತ್ತೇನೆ. ಸ್ಕಾಲರ್‌ಶಿಪ್ಪಿನಲ್ಲಿ ಮೂರು ಜನ ಬದುಕುವ ಮನೆ ಅದು. ಹೋದ ವರ್ಷ ಆಸೆಪಟ್ಟು ಯಾವುದೋ ಅರಮನೆಗೆ ಹೋಗಿದ್ದರು. ಗೇಟಿನ ಬೋರ್ಡಿನಲ್ಲಿ ನಮಗೊಂದು ರೇಟು, ಫಾರಿನರ್‌ಗಳಿಗೆ ಅದರ ಹತ್ತು ಪಟ್ಟು. ಮೂರು ಜನ ಬೋರ್ಡ್ ಓದಿ, ಐಸ್‌ಕ್ರೀಮ್ ತಿಂದು, ವಾಪಸ್. "ಗೋಡೆ ನೋಡ್ಕೊಂಡ್ ಬಂದ್ವಿ ಆಂಟಿ" ಅಂದಳು ಸಾರಾ.

ಈಗ ಥೀಸಿಸ್ ಮುಗಿದಿದೆ, ಜೂನ್‌ನಲ್ಲಿ ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ಸಾರಾಗೆ ಬೆಂಗಳೂರಿನ ಒಂದು ದೊಡ್ಡ ಮ್ಯೂಸಿಯಂ ನೋಡಬೇಕು. ಕ್ಲಾಸಿನವರೆಲ್ಲ ನೋಡಿದ್ದಾರೆ, ಆ ಟ್ರಿಪ್ಪಿನ ದಿನ ಇವಳಿಗೆ ಜ್ವರ. "ಕರ್ಕೊಂಡ್ ಹೋಗೋಳು ನಾನು. ಈ ಸಲ ಗೇಟಿಂದ ವಾಪಸ್ ಬರೋ ಮಾತೇ ಇಲ್ಲ" ಅಂತ ಮಾತು ಕೊಟ್ಟುಬಿಟ್ಟೆ.

ಅಲ್ಮಾಜ್ ಎಲ್ಲ ವಿಚಾರಿಸಿಟ್ಟುಕೊಂಡಿದ್ದಳು. ಆ ಮ್ಯೂಸಿಯಂನಲ್ಲಿ, ಇಲ್ಲೇ ವಾಸವಿರುವ ವಿದೇಶಿಯರು ಪರ್ಮಿಟ್ ತೋರಿಸಿದರೆ ನಮ್ಮದೇ ರೇಟು. ಮೂವರ ಪರ್ಮಿಟ್ಟೂ ಇದ್ದ ಆ ಹಸಿರು ಫೈಲು ಅದಕ್ಕೇ. ನಾನು ನಕ್ಕೆ. "ನಾನಿದೀನಲ್ಲಮ್ಮ, ಯಾರು ಕೇಳ್ತಾರೆ? ಮಡಿಸಿದ್ರೆ ಹಾಳಾಗುತ್ತೆ, ಇಟ್ಟು ಬಾ."

ಯಜಮಾನರು ಬರಲಿಲ್ಲ. "ಮ್ಯೂಸಿಯಂನಾಗೆ ಏನೈತೆ? ಹಳೇ ಮಡಕೆ ನಮ್ಮ ಅಮೃತೂರ ಅಟ್ಟದ ಮ್ಯಾಲೇ ಅವೆ" ಅಂದು ಪೇಪರ್ ಬಿಡಿಸಿಕೊಂಡರು.

ರೈಲಿನಲ್ಲಿ ಸಾರಾ ಕೂತಿದ್ದೇ ಇಲ್ಲ. ಅವಳನ್ನು ನೋಡಿ ನನಗೂ ಹುರುಪೋ ಹುರುಪು. ನಿಜ ಹೇಳಲಾ? ನಾನೂ ಆ ಮ್ಯೂಸಿಯಂ ನೋಡಿರಲಿಲ್ಲ. ಮದುವೆ, ಆಸ್ಪತ್ರೆ, ಸೀರೆ ಅಂಗಡಿ ಅಂತ ಬೆಂಗಳೂರಿಗೆ ನೂರು ಸಲ ಹೋಗಿದ್ದೇನೆ. ಅದರ ಮುಂದೆಯೇ ಆಟೋದಲ್ಲಿ ಹಾದಿದ್ದೇನೆ. ಒಳಗೆ? ಊಹೂಂ. ನೀವು ಹೋಗಿದ್ದೀರಾ?

ಕೌಂಟರಿಗೆ ನಾನೇ ಮುಂದಾದೆ. "ನಾಲ್ಕು ಟಿಕೆಟ್ ಕೊಡಮ್ಮ."

ಒಳಗಿದ್ದ ಹೆಣ್ಣುಮಗಳು ಕತ್ತು ಚಾಚಿ ನನ್ನ ಹಿಂದೆ ನೋಡಿದಳು. "ಅವ್ರು ಮೂರು ಜನ?"

"ನಮ್ಮನೆಯವರೇ."

"ಸಂತೋಷ ಮೇಡಂ. ಪರ್ಮಿಟ್ ತೋರ್ಸಿ, ನಿಮ್ ರೇಟೇ ಹಾಕ್ತೀನಿ."

ನಾನು ನನ್ನ ಆಧಾರ್ ಕಾರ್ಡ್ ಕೊಟ್ಟೆ. ಅವಳು ತಾಳ್ಮೆಯಿಂದ, "ಇದು ನಿಮ್ದು" ಅಂತ ವಾಪಸ್ ಕೊಟ್ಟಳು. ಸರಿ, ಕೊನೆಯ ಅಸ್ತ್ರ ತೆಗೆದೆ. ನಮ್ಮ ಕಡೆ ಯಾವ ಕೆಲಸ ಆಗಬೇಕಿದ್ದರೂ ಮೊದಲು ಕೇಳುವುದು ಅದನ್ನೇ ತಾನೆ? "ನಿಂದು ಯಾವೂರಮ್ಮ?"

"ಗುಬ್ಬಿ."

ಗೆದ್ದೆ ಅಂದುಕೊಂಡೆ. "ಗುಬ್ಬೀನಾ? ನಮ್ಮ ಚಿಕ್ಕಮ್ಮನ ಮನೆ ಅಲ್ಲೇ ಕಣೇ! ನಾವು ತುಮಕೂರು."

"ಗುಬ್ಬಿಯವ್ರು ಕೊಟ್ರೂ ತುಮ್ಕೂರವ್ರು ಕೇಳಿದ್ರೂ ಇದೇ ರೂಲ್ಸು ಮೇಡಂ. ಒರಿಜಿನಲ್ ಬೇಕು, ಫೋನಲ್ಲಿ ಫೋಟೋ ನಡೆಯಲ್ಲ."

ಮುಖ ಎಲ್ಲಿಡಲಿ? ಹೆಚ್ಚಿನ ದುಡ್ಡು ನಾನೇ ಕೊಡುತ್ತೇನೆ ಅಂತ ಪರ್ಸಿಗೆ ಕೈ ಹಾಕಿದೆ. ದಾವಿತ್ ತಡೆದ. ನಾಲ್ಕು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಒಂದೊಂದೇ ಮಾತು ಹುಡುಕಿ ಹೇಳಿದ: "ಬೇಡ ಆಂಟಿ. ಅದು ನೋಡೋಕೆ ಬಂದವರ ಟಿಕೆಟ್. ನಾವು ಇಲ್ಲಿ ಇರೋರು."

ಅಲ್ಮಾಜ್ ನನಗೆ ನೀರಿನ ಬಾಟಲಿ ಕೊಟ್ಟಳು. ಒಂದು ಮಾತು ಬೈದಿದ್ದರೂ ಹಗುರಾಗುತ್ತಿತ್ತು. ಸಾರಾ ಮಾತ್ರ ನನ್ನ ಕೈ ಎಳೆದು ಮೆಲ್ಲಗೆ ಕೇಳಿದಳು, "ಮತ್ತೆ ವಾಪಸ್ಸಾ ಆಂಟಿ?"

ಮನೆಗೆ ಫೋನ್ ಹಚ್ಚಿದೆ. ಯಜಮಾನರು ಪೂರ್ತಿ ಕೇಳಿ, "ಒಂದು ಫೈಲ್ ತರಕ್ಕೆ ಬೆಂಗ್ಳೂರಿಗಾ? ನಿಂಗೇನು ತಲೆ ಕೆಟ್ಟೈತೇನೇ?" ಅಂದರು. ಸಾರಾ ಫೋನ್ ಕಿತ್ತುಕೊಂಡಳು.

"ಅಂಕಲ್, ನಮ್ಮನೆ ಬೀಗದ ಕೈ ನಿಮ್ಮತ್ರ ಐತಲ್ಲ? ಫೈಲು ಫ್ರಿಜ್ ಮೇಲೈತೆ. ಬರ್ತೀರಾ?"

ಆ ಕಡೆ ಪೇಪರ್ ಮಡಿಸಿದ ಸದ್ದು. ಆಮೇಲೆ, "ಬರ್ತೀನಿ ಇರವ್ವ."

ಎರಡೂವರೆ ಗಂಟೆ ಗೇಟಿನ ಹೊರಗೆ ಮರದಡಿ ಕೂತೆವು. ಚಿತ್ರಾನ್ನದ ಡಬ್ಬಿ ತೆಗೆದಾಗ ಅಲ್ಮಾಜ್, "ಒಳ್ಳೇದಾಯ್ತು, ಇದನ್ನ ತಂದಿದ್ದು" ಅಂದಳು. ಅಷ್ಟೊತ್ತಿಗೆ ನಾನೂ ನಗುವ ಸ್ಥಿತಿಗೆ ಬಂದಿದ್ದೆ. ಯೋಚಿಸಿ ನೋಡಿ: ಇಲ್ಲೇ ಹುಟ್ಟಿದ ನನಗೆ ಬೋರ್ಡ್ ಓದುವ ಅಭ್ಯಾಸವೇ ಇಲ್ಲ. ಮಾತಾಡಿದರೆ ಆಗುತ್ತದೆ ಅನ್ನುವ ಧೈರ್ಯ. ಅವಳು ಕೊನೇ ಸಾಲಿನವರೆಗೂ ಓದಿಕೊಂಡು ಬರುತ್ತಾಳೆ. ಓದದೆ ಅವಳಿಗೆ ನಡೆಯುವುದಿಲ್ಲ.

ಯಜಮಾನರು ಬಸ್ಸಿಳಿದು ಫೈಲನ್ನು ಎದೆಗವುಚಿಕೊಂಡು ಬಂದರು. ಗುಬ್ಬಿಯ ಹುಡುಗಿ ಕಾಗದ ತಿರುವಿ ನೋಡಿದಳು. ಎರಡೇ ನಿಮಿಷ. ನಾಲ್ಕು ಟಿಕೆಟ್, ನಮ್ಮ ರೇಟು. "ಇಲ್ಲೀಗಂಟ ಬಂದಿದೀನಿ, ನಂಗೂ ಒಂದು ಕೊಡಮ್ಮ" ಅಂದರು ನಮ್ಮವರು.

ಆಮೇಲಿನದನ್ನು ಹೇಗೆ ಹೇಳಲಿ? ಸಾರಾ ಓಡಿದಳು, ಹಿಂದೆ ನಾನು ಓಡಿದೆ. ಗುಂಡಿ ಒತ್ತಿದರೆ ತಿರುಗುವ ಚಕ್ರವನ್ನು ಅವಳಿಗಿಂತ ಹೆಚ್ಚು ಸಲ ಒತ್ತಿದವಳು ನಾನೇ. ಮಂಡಿನೋವು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಇಷ್ಟು ಖುಷಿ ಇಷ್ಟು ಹತ್ತಿರ ಇಟ್ಟುಕೊಂಡು ಇಷ್ಟು ವರ್ಷ ಏನು ಮಾಡುತ್ತಿದ್ದೆ ನಾನು?

ಮಹಡಿಯಲ್ಲಿ ಬೆಳೆಗಳ ಕೋಣೆ. ಗಾಜಿನ ಬಟ್ಟಲುಗಳಲ್ಲಿ ಕಾಳುಗಳು. ಒಂದರ ಮುಂದೆ ಯಜಮಾನರು ನಿಂತುಬಿಟ್ಟರು. ಕನ್ನಡಕ ಏರಿಸಿ ಓದಿದರು, ಇಳಿಸಿ ಇನ್ನೊಮ್ಮೆ ಓದಿದರು. ರಾಗಿ. ಮೂಲ: ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು.

ಅಲ್ಮಾಜ್ ಗಾಜಿನ ಮೇಲೆ ಬೆರಳಿಟ್ಟು, "ದಗುಸಾ" ಅಂದಳು. ಅವಳ ಊರಿನಲ್ಲಿ ಅದರ ಹೆಸರು. "ನಮ್ಮಮ್ಮನ ಹೊಲದಲ್ಲಿ ಇದೇ."

"ಅಂದ್ರೆ ನಾ ಇವ್ರಿಗೆ ತಿನ್ನೋದು ಕಲ್ಸಿದ್ದು ಇವರದ್ದೇ ಕಾಳಾ?" ಅಂದರು ಯಜಮಾನರು.

"ಹೂಂ ಅಂಕಲ್. ಅಮ್ಮ ಅವತ್ತೇ ಹೇಳಾಕ್ ಬಂದ್ಲು, ನೀವ್ ಬಿಡ್ಲಿಲ್ಲ" ಅಂದಳು ಸಾರಾ.

ಯಜಮಾನರು ಕಂಕುಳಲ್ಲಿದ್ದ ಫೈಲನ್ನು ಒಮ್ಮೆ ನೋಡಿ, ಎರಡೂ ಕೈಯಲ್ಲಿ ಅಲ್ಮಾಜಳಿಗೆ ಕೊಟ್ಟರು. ರಾತ್ರಿಗೆ ಮನೆ ಮುಟ್ಟಿದೆವು. ಅವತ್ತೂ ಊಟಕ್ಕೆ ಮುದ್ದೆಯೇ, ಮಹಡಿಯವರೂ ಕೆಳಗೇ ಉಂಡರು. ಹಿಟ್ಟು ತೊಳಸುತ್ತಾ ನಾನು ಅಂದುಕೊಂಡೆ: ನಮ್ಮ ಒಲೆಯ ಮೇಲೆ ಇಷ್ಟು ಕಾಲದಿಂದ ಕೂತಿರುವ ಈ ರಾಗಿಗೆ, ಪರ್ಮಿಟ್ ಎಲ್ಲಿ ಅಂತ ಯಾರಾದರೂ ಒಂದು ದಿನ ಕೇಳಿದ್ದೇವಾ?