ಬಾವಿಗೆ ಇಳಿಬಿಟ್ಟ ಹತ್ತಿ

ಬೆಳಕು ಹೀರಿದ ಅಣುಗಳು ಅದನ್ನು ಮರಳಿ ಹೊಮ್ಮಿಸುವ ಬಗೆಯನ್ನು ವೃತ್ತಿಜೀವನವಿಡೀ ಅಳೆದ ರಸಾಯನ ವಿಜ್ಞಾನಿಯೊಬ್ಬರು ನಿವೃತ್ತರಾಗಿ ವಾಡಿಯ ನಮ್ಮ ಓಣಿಯಲ್ಲಿ ನೆಲೆಸಿದ್ದರು. ಏನೇ ಕೇಳಿದರೂ ಕನ್ನಡಕ ಒರೆಸುತ್ತ ಅವರು ಕೊಡುತ್ತಿದ್ದ ಉತ್ತರ ಒಂದೇ: "ಇನ್ನೊಮ್ಮೆ ನೋಡಾನ್ರಿ."

ಓಣಿಯ ಮಕ್ಕಳಿಗೆ ವಾಂತಿಭೇದಿ ಹತ್ತಿದಾಗ ಅವರು ಬಾವಿಗೆ ಹತ್ತಿಯ ಉಂಡೆ ಇಳಿಬಿಟ್ಟರು. ಬಿಳುಪು ಹಚ್ಚಿದ ಅಂಗಡಿಯ ಹತ್ತಿ ದೀಪದಡಿ ತಾನೇ ಹೊಳೆದೀತೆಂದು ಕುರಕುಂಟಾದ ಹೊಲದಿಂದ ಹತ್ತಿ ತರಿಸಿದ್ದರು. ಮೂರು ದಿನದ ಮೇಲೆ ಅತಿನೇರಳೆ ದೀಪದಡಿ ಅದು ನೀಲಿಯಾಗಿ ಹೊಳೆಯಿತು. ಬಟ್ಟೆಗೆ ಬಿಳುಪು ಕೊಡುವ ಸೋಪಿನ ಪುಡಿಯ ಅಂಶವದು. ಅಂದರೆ ಬಟ್ಟೆ ಒಗೆದ ನೀರು ಹರಿಯುವ ಚರಂಡಿ ಬಾವಿಗೆ ಸೋರುತ್ತಿತ್ತು. ತಜ್ಞರ ಸಹಿಯಿಲ್ಲದೆ ನೀರಿನ ಟ್ಯಾಂಕರ್ ಕಳಿಸಲಾಗದೆಂದು ಪುರಸಭೆಯ ಕಚೇರಿ ಹೇಳಿತ್ತು. ಸಹಿ ಕೇಳಿದರೆ ಇವರು ಮತ್ತೆ ಮೂರು ದಿನ ಹತ್ತಿ ಇಳಿಬಿಟ್ಟರು. ಮತ್ತೆ ಹೊಳೆಯಿತು. ಮೂರನೆಯ ಸಲವೂ ಹೊಳೆಯಿತು. ಈ ಎಚ್ಚರಿಕೆ ಯಾರ ರಕ್ಷಣೆಗೆ ಎಂದು ನಾನು ರೇಗಿದೆ. ಅವರು ಕನ್ನಡಕ ಒರೆಸಿದರು.

"ನೀವು ನೋಡ್ಕೋತ ಕುಂದ್ರಿ ಸಾಬ್," ಎಂದರು ಪಕ್ಕದ ಮನೆಯ ಖಾಲಾ. "ನಮ್ಮ ಪೋರಿಗಿ ಸಲೈನ್ ಹಚ್ಯಾರ."

ವಿಜ್ಞಾನಿ ಅಲ್ಲೇ ನಿಂತು ಸಹಿ ಹಾಕಿ, ನನ್ನೊಡನೆ ಕಚೇರಿಗೆ ಬಂದರು. ಕಿಟಕಿ ಮುಚ್ಚಿ ದೀಪ ಹಚ್ಚಿದಾಗ ಹತ್ತಿಯ ಜೊತೆ ಅಧಿಕಾರಿಯ ಬಿಳಿ ಅಂಗಿಯೂ ಹೊಳೆಯಿತು.

"ನನ್ನ ಅಂಗೀನೂ ಹೊಳೀಲಿಕತ್ತದ," ಅಧಿಕಾರಿ ನಕ್ಕರು. "ಹಂಗಂದ್ರ ನಾನೂ ಹೊಲಸೇನ್ರಿ?"

"ಅಂಗಿ ನಿಮ್ಮ ಮನ್ಯಾಗ ಒಗದಾರ್ರಿ. ಬಾವಿ ಯಾರು ಒಗದ್ರು?" ಎಂದರು ವಿಜ್ಞಾನಿ.

ಅಧಿಕಾರಿಯ ನಗು ನಿಂತಿತು. ಟ್ಯಾಂಕರಿಗೆ ಆದೇಶ ಬರೆಯತೊಡಗಿದಾಗ ವಿಜ್ಞಾನಿ ತಡೆದರು.

"ಆರು ದಿನ ನಾ ಸಹಿ ಹಾಕದ ಕುಂತಿದ್ದೆ. ಅದನ್ನೂ ಬರ್ಕೋರಿ."