ಎಡಗೈಯ ಬಳೆ

ಆಂಟಾಪ್ ಹಿಲ್‌ನ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬಳೆ ಮಾರಲು ಬರುತ್ತಿದ್ದವಳು ಬೀಬೀಜಾನ. ಬಾಗಲಕೋಟೆ ಕಡೆಯವಳು, ನಮಗೆಲ್ಲ ಬೀಬಮ್ಮ. ಮೂರು ಮಹಡಿ ಹತ್ತಿ ಬಳೆಯ ಗಂಟು ಇಳಿಸಿದಳೆಂದರೆ ಮೊದಲು ಚಹಾ, ಆಮೇಲೆ ಊರಿನ ಮಾತೆಲ್ಲ. ಆದರೆ ಕೈ ಹಿಡಿದು ಬಳೆ ತೊಡಿಸುವಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಕಣ್ಣೆಲ್ಲ ನಮ್ಮ ಮುಂಗೈ ಮೇಲೆ.

ನಮ್ಮ ಎದುರು ಮನೆಯ ಕೌಸಲ್ಯಾ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಕ್ವಾರ್ಟರ್ಸ್ ಅವಳ ಹೆಸರಿನಲ್ಲೇ ಇತ್ತು. ಗಂಡ ಸತ್ಯಮೂರ್ತಿ ಬ್ಯಾಂಕಿನವನು, ರಾಮನವಮಿಯ ಪಾನಕ ಹಂಚುವುದರಲ್ಲಿ ಎಲ್ಲರಿಗಿಂತ ಮುಂದು. ಬಾಗಿಲು ಹಾಕಿಕೊಂಡ ಮೇಲೆ ಅದೇ ಕೈ ಏನು ಮಾಡುತ್ತದೆಂದು ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ನಾವು ಮಾಡಿದ್ದೇನು? ಟೀವಿಯ ಸದ್ದು ಜೋರು ಮಾಡಿದೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯೊಂದಿದೆಯಲ್ಲ, ಅದರ ಹಿಂದೆ ಅಡಗಿಕೊಂಡೆವು. ನನಗೆ ಇವತ್ತಿಗೂ ಅದರ ನಾಚಿಕೆಯಿದೆ.

ತೊಂಬತ್ತೊಂದರಲ್ಲಿ ಕೌಸಲ್ಯಾ ಬಾಂದ್ರಾದ ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕಿದಳು. ಅವನು ಮನೆಯೊಳಗೆ ಕಾಲಿಡಬಾರದು, ತನ್ನ ಮೇಲೆ ಕೈ ಎತ್ತಬಾರದು, ಅಷ್ಟೇ ಅವಳು ಕೇಳಿದ್ದು. ಸಾಕ್ಷಿಯಿಲ್ಲದಿದ್ದರೆ ಅರ್ಜಿ ಬೀಳುತ್ತಿತ್ತು. ಬಿದ್ದರೆ ಅವನ ಜೊತೆಗೇ ಬದುಕಬೇಕಿತ್ತು. ಅವಳು ಬಂದು ಕೇಳಿದಾಗ ನಮ್ಮ ಯಜಮಾನರು, "ಅವರ ಮನೆ ವಿಷಯ, ನಮಗ್ಯಾಕಮ್ಮ?" ಎಂದರು. ನಾನು ತಲೆ ತಗ್ಗಿಸಿದೆ.

ಮೆಟ್ಟಿಲ ಮೇಲೆ ಗಂಟು ಕಟ್ಟುತ್ತಿದ್ದ ಬೀಬಮ್ಮ ಎಲ್ಲ ಕೇಳಿಸಿಕೊಂಡಳು. "ನಾ ಬರ್ತೀನಿ ತಂಗಿ. ನಿನ್ನ ಕೈ ನೋಡಿದಾಕಿ ನಾನ ಅಲ್ಲೇನು?"

ಕೋರ್ಟಿನಲ್ಲಿ ನಡೆದದ್ದನ್ನು ಅದೇ ಮೆಟ್ಟಿಲ ಮೇಲೆ ಕೂತು ನಮಗೆಲ್ಲ ಹೇಳಿದಳು. ಪಾತ್ರೆ ತಿಕ್ಕುವಾಗ ಬಳೆ ಒಡೆಯುತ್ತವೆ, ಅದೂ ಒಂದು ಸಾಕ್ಷಿಯೇನು ಎಂದು ಕೇಳಿದನಂತೆ ಸತ್ಯಮೂರ್ತಿ.

"ನಾ ಅಂದೆ, ಪಾತ್ರಿ ತಿಕ್ಕೂದು ಬಲಗೈಲೆ. ಒಡದ್ರ ಒಂದೋ ಎರಡೋ ಒಡೀತಾವ. ಈ ತಂಗಿದು ಎಡಗೈಯಾಗಿನ ಬಳಿ ಡಜನ್ನಿಗೆ ಡಜನ್ ಒಮ್ಮೆಲೆ ಹೋಗ್ತಾವ. ಹಬ್ಬಿಲ್ಲ, ಹುಣ್ಣಿವಿಲ್ಲ, ವರ್ಷದಾಗ ಒಂಬತ್ತು ಸಲ ಇಟ್ಟೇನಿ. ಕೈ ಹಿಡದು ತಿರುವಿದ್ರನ ಹಂಗ ಆಗೂದು. ಒಳಗ ಹೊಕ್ಕ ಗಾಜಿನ ಚೂರು ನಾನ ತಗದೇನಿ ಅಂದೆ."

"ಜಡ್ಜ್ ಏನಂದ್ರು?" ಎಂದೆ.

"ಕೈ ತೋರಸವ್ವ ಅಂದ್ರು. ತೋರಿಸಿದ್ಲು."

ಮುಂಗೈ ಒಳಗಡೆ ಸಾಲಾಗಿ ಕಲೆಗಳಿದ್ದವಂತೆ. ಆರು ವರ್ಷ ಎದುರು ಮನೆಯಲ್ಲಿದ್ದ ನಾನು ಅದನ್ನು ನೋಡಿರಲಿಲ್ಲ.

ಯುಗಾದಿಗೆ ಮುಂಚೆ ಕೌಸಲ್ಯಾ ಕೇಳಿದಂತೆಯೇ ಆದೇಶ ಬಂತು. ಸತ್ಯಮೂರ್ತಿ ಪೆಟ್ಟಿಗೆ ಎತ್ತಿಕೊಂಡು ಗೋರೆಗಾಂವ್‌ನ ಅಣ್ಣನ ಮನೆ ಸೇರಿದ. ನಾನೇ ಹೋಗಿ ತಪ್ಪಾಯ್ತು ಎಂದೆ. ಕೌಸಲ್ಯಾ ಕಾಫಿ ಕೊಟ್ಟಳು. ಹಬ್ಬಕ್ಕೆ ಬೀಬಮ್ಮ ಅವಳ ಎಡಗೈಗೆ ಒಂದು ಡಜನ್ ಹಸಿರು ಬಳೆ ತೊಡಿಸಿ ಹೋದಳು.

ಮತ್ತೆ ಅವಳು ಗಂಟು ಇಳಿಸಿದ್ದು ಗೌರಿ ಹಬ್ಬಕ್ಕೆ. ಕೌಸಲ್ಯಾ ನಗುತ್ತ ಕೈ ಚಾಚಿದಳು. ಬೀಬಮ್ಮ ಕೈ ಹಿಡಿದು, ಒಂದೊಂದೇ ಬಳೆ ಸರಿಸುತ್ತ ಎಣಿಸಿದಳು. ಹನ್ನೆರಡೂ ಇದ್ದವು.

"ಐದು ತಿಂಗಳಾತಲ್ಲವ್ವ. ಹಿಂಗಾದ್ರ ನನ್ನ ಹೊಟ್ಟಿ ಹೆಂಗ ತುಂಬಬೇಕು?"

ಬಳೆಯ ಕೈ ಹಿಡಿದುಕೊಂಡೇ ಬೀಬಮ್ಮ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.