ಏಕಾದಶಿಯ ಮಧ್ಯಾಹ್ನ ಬಂದವರು

ಯಜಮಾನರು ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಊಟದ ಹೊತ್ತು ತಪ್ಪಿದೆ. ಅವರಿದ್ದಾಗ ಹಾಗಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಿತ್ತು. ಅದನ್ನು ನಾವು ಕಲಿತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಏಕಾದಶಿಯಂದು.

ಆಗ ಇನ್ನಂಜೆಯಲ್ಲಿದ್ದೆವು. ಮಣಿಪಾಲದ ಡಾಕ್ಟರು ಇನ್ಸುಲಿನ್ ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ಗಾಜಿನ ಸಿರಿಂಜನ್ನು ನಾನು ಕುದಿಸಿ ಕೊಡುತ್ತಿದ್ದೆ, ಅವರೇ ತೊಡೆಗೆ ಚುಚ್ಚಿಕೊಳ್ಳುತ್ತಿದ್ದರು. ಮದ್ದು ಬಿಡಬಾರದೆಂದು ಡಾಕ್ಟರು ಹೇಳಿದ್ದರು, ಉಪವಾಸ ಬಿಡಬಾರದೆಂದು ಅತ್ತೆ. ಆ ದಿನ ಅವರು ಎರಡನ್ನೂ ಪಾಲಿಸಿದರು.

ಒಲೆ ಹಚ್ಚದ ಮನೆಯ ಮಧ್ಯಾಹ್ನಕ್ಕೆ ಬೇರೆಯೇ ಮೌನ. ಚಾವಡಿಯಲ್ಲಿ ಒರಗಿದ್ದ ಯಜಮಾನರು ಎದ್ದು ಕುಳಿತು ಗೋಡೆಯೊಂದಿಗೆ ಮಾತಾಡತೊಡಗಿದರು. ಅತ್ತೆ ಹತ್ತಿರ ಹೋದರೆ, ಹೆತ್ತ ತಾಯಿಯ ಮುಖವನ್ನೇ ದಿಟ್ಟಿಸಿ, "ನೀವು ಯಾರು? ಇಲ್ಲಿ ಎಂತ ಕೆಲಸ?" ಎಂದರು. ದನಿ ಅವರದೇ. ಮೈಯೆಲ್ಲ ಬೆವರು, ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನ ತಂಪು. ನನ್ನನ್ನು ನೋಡಿ ನಕ್ಕರು. ಆ ನಗುವನ್ನು ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ.

"ಡಾಕ್ಟರಲ್ಲಿಗೆ ಹೋಗುವ, ಅತ್ತೆ."

"ಡಾಕ್ಟರು ಎಂತ ಮಾಡ್ತಾರೆ? ಇದು ನನ್ನ ಮಗ ಅಲ್ಲ. ಮೈಮೇಲೆ ಯಾರೋ ಬಂದಿದ್ದಾರೆ."

ಅತ್ತೆ ಒಳಗೆ ಹೋಗಿ ಬೆಲ್ಲ, ನೀರು ತಂದರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ.

"ಅಯ್ಯೋ, ಉಪವಾಸ! ಮೇಲಿಂದ ಸಕ್ಕರೆ ಕಾಯಿಲೆ!"

"ಉಪವಾಸ ಮಗನಿಗೆ, ಕಾಯಿಲೆಯೂ ಅವನಿಗೆ. ಬಂದವರಿಗೆ ಎಂತ ಉಂಟು? ಬಾಯಾರಿ ಕೂತವರು ಎದ್ದು ಹೋಗ್ತಾರಾ ಮಾರಾಯ್ತಿ?"

ಬೆಲ್ಲ ಪುಡಿಮಾಡಿ ಅವರ ಅಂಗೈಗೆ ಹಾಕಿದರು. "ತೆಗೊಳ್ಳಿ. ತಿಂದು ಹೊರಡಿ." ಅಪರಿಚಿತರಿಗೆ ಹೇಳಿದ ಹಾಗೆ ಹೇಳಿದರು.

ಅವರು ನಿಧಾನವಾಗಿ ಜಗಿದರು, ನೀರು ಕುಡಿದರು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. "ಅಮ್ಮಾ, ನನ್ನ ಬಾಯಿ ಯಾಕೆ ಸಿಹಿ?"

ಮರುದಿನ ಮಣಿಪಾಲದಲ್ಲಿ ಡಾಕ್ಟರು ನಗಲಿಲ್ಲ. "ಇಂಜೆಕ್ಷನ್ ತೆಗೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡ್ತದೆ. ಆಗ ಹೆತ್ತವರ ಗುರುತೂ ಸಿಗುವುದಿಲ್ಲ. ಆ ಬೆಲ್ಲದಿಂದ ಉಳಿದಿರಿ. ಇನ್ನೊಮ್ಮೆ ಉಪವಾಸ ಮಾಡಿದರೆ ಉಳಿಯುವುದು ಕಷ್ಟ." ಅನ್ನ ಅಳತೆಯಲ್ಲಿ, ತರಕಾರಿ ಹೆಚ್ಚು, ಸಂಜೆ ನಡಿಗೆ, ಜೇಬಿನಲ್ಲಿ ಬೆಲ್ಲದ ತುಂಡು ಎಂದೆಲ್ಲ ಹೇಳಿ ಕಳಿಸಿದರು. ಗದ್ದೆಗಳ ನಡುವಿನ ಹುಣಿಯಲ್ಲಿ ಅವರ ನಡಿಗೆ ಶುರುವಾಯಿತು.

ಮುಂದಿನ ಏಕಾದಶಿ ಬಂತು. ಇಂಜೆಕ್ಷನ್ ಆಯಿತು. ನಾನು ಅಡುಗೆ ಮಾಡಿದೆ, ಅವರು ಊಟಕ್ಕೆ ಏಳಲಿಲ್ಲ. "ಅಮ್ಮ ಉಪವಾಸ ಇರುವಾಗ ನಾನು ಹೇಗೆ ಉಣ್ಣಲಿ?"

ಅತ್ತೆ ಬಾಳೆಲೆ ತೆಗೆದುಕೊಂಡು, ಮನೆಯವರು ಉಣ್ಣುವ ಒಳಗಿನ ಜಾಗ ಬಿಟ್ಟು, ಹೊರಗಿನವರಿಗೆ ಬಡಿಸುವ ಚಾವಡಿಯಲ್ಲಿ ಹಾಸಿದರು. "ಬಂದವರು ಕೂತುಕೊಳ್ಳಿ. ಬಂದವರಿಗೆ ಏಕಾದಶಿ ಇಲ್ಲ."

ಅವರು ತಲೆ ಎತ್ತದೆ ಉಂಡರು.

ಅತ್ತೆ ಇರುವಷ್ಟು ಕಾಲ ಏಕಾದಶಿಯ ಊಟ ಹಾಗೆಯೇ ನಡೆಯಿತು. ಯಜಮಾನರು ಬದುಕಿದರು. ಡಾಕ್ಟರ ಮಾತು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಆದರೂ ಚಾವಡಿಯಲ್ಲಿ ಆ ಎಲೆಗೆ ಬಡಿಸುವಾಗ ಮಾತ್ರ ನಾನು ಅವರ ಮುಖ ನೋಡುತ್ತಿರಲಿಲ್ಲ.